ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದ ಸೈಟು ಲೈವ್ ಆದ ಮೇಲೆ ಯಾಕೆ ಕೈ ಕೊಡುತ್ತದೆ?

ಪ್ರಶ್ನೆ: ಚಿಕ್ಕಪೇಟೆಯ ಸೀರೆ ಅಂಗಡಿಯೊಂದಕ್ಕೆ ರಿಯಾಕ್ಟ್ ಮತ್ತು ವೀಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನಗಳನ್ನು ಬಳಸಿ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಚೆನ್ನಾಗಿ ಓಡುತ್ತದೆ. ಲೈವ್ ಮಾಡಿದ ಮೇಲೆ ಕೆಲವು ಸೀರೆಗಳ ಫೋಟೋ ಬರುವುದಿಲ್ಲ. ಒಳಗಿನ ಪುಟದಲ್ಲಿ ರಿಫ್ರೆಶ್ ಮಾಡಿದರೆ 404 (ಪುಟ ಸಿಗಲಿಲ್ಲ) ಬರುತ್ತದೆ. ಮಾಲೀಕರ ಫೋನಿನಲ್ಲಿ ಇನ್ನೂ ಹೋದ ವಾರದ ದರವೇ ಕಾಣುತ್ತಿದೆ. ಹೋಸ್ಟಿಂಗ್ ಬದಲಾಯಿಸಿಬಿಡಲಾ?

ಉತ್ತರ: ಬೇಡ. ಸಿಲ್ಕ್ ಬೋರ್ಡ್ ಜಾಮ್‌ಗೆ ಬೇಸತ್ತು ಕಾರು ಬದಲಾಯಿಸಿದ ಹಾಗಾಗುತ್ತದೆ. ಈ ಮೂರೂ ತೊಂದರೆಗಳು ಹೊಸ ಹೋಸ್ಟಿಂಗ್‌ನಲ್ಲೂ ಬಹುಪಾಲು ಹೀಗೇ ಇರುತ್ತವೆ, ಮೇಲೆ ಡಿಎನ್‌ಎಸ್ (ಸೈಟಿನ ಹೆಸರನ್ನು ಸರ್ವರ್‌ಗೆ ಜೋಡಿಸುವ ವ್ಯವಸ್ಥೆ) ಬದಲಾವಣೆಯ ಗೊಂದಲ ಬೇರೆ ಸೇರಿಕೊಳ್ಳುತ್ತದೆ.

ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ದಿನ ಕಣ್ಣಿಗೆ ಬಿದ್ದವು ಅಂತ ಒಂದೇ ಎಂದುಕೊಂಡರೆ, ಕೋಡ್‌ನಲ್ಲಿ ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ ಬದಲಾಯಿಸಿ, ಡಿಪ್ಲಾಯ್ ಮಾಡಿ (ಲೈವ್‌ಗೆ ಏರಿಸಿ), ನೋಡಿ, ಮತ್ತೆ ಬದಲಾಯಿಸಿ, ಕೊನೆಗೆ ಯಾವ ಬದಲಾವಣೆಯಿಂದ ಏನಾಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಆದ್ದರಿಂದ ಸದ್ಯಕ್ಕೆ ಕೋಡ್ ಮುಟ್ಟಬೇಡಿ.

ಲ್ಯಾಪ್‌ಟಾಪ್‌ನಲ್ಲಿ ನೀವು ನೋಡುತ್ತಿರುವ ಸೈಟು ಮತ್ತು ಲೈವ್ ಸೈಟು ಒಂದೇ ಅಲ್ಲ. ‘ಎನ್‌ಪಿಎಂ ರನ್ ಡೆವ್’ ಕೊಟ್ಟಾಗ ಓಡುವುದು ಡೆವಲಪ್‌ಮೆಂಟ್ ಸರ್ವರ್. ಅದರದ್ದು ಬಹಳ ಧಾರಾಳ ಬುದ್ಧಿ. ಕೇಳಿದ ಪುಟ ಇಲ್ಲದಿದ್ದರೆ ಸುಮ್ನೆ ಮುಖಪುಟ ಕೊಟ್ಟು ಸರಿದೂಗಿಸುತ್ತದೆ, ನೀವು ಕೋಡ್ ಬದಲಿಸಿದ ತಕ್ಷಣ ಬ್ರೌಸರ್‌ಗೆ ತಾನೇ ಕಳಿಸುತ್ತದೆ. ಲೈವ್ ಆಗಿರುವುದು ‘ಬಿಲ್ಡ್’ ಆದ, ಅಂದರೆ ಲೈವ್‌ಗಾಗಿ ಸಿದ್ಧಪಡಿಸಿದ ಫೈಲುಗಳು. ಅವು ಇರುವುದು ಸಾಮಾನ್ಯವಾಗಿ ಲಿನಕ್ಸ್ ಸರ್ವರ್ ಮೇಲೆ, ಮಧ್ಯದಲ್ಲಿ ಒಂದೆರಡು ಕ್ಯಾಶ್‌ಗಳೂ (ಪ್ರತಿ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗಗಳು) ಇರುತ್ತವೆ. ಹಾಗಾಗಿ ‘ನನ್ನ ಹತ್ರ ಓಡ್ತಿದೆ’ ಅನ್ನುವ ಮಾತಿಗೆ ಬೆಲೆ ಕಡಿಮೆ.

ಈಗ ಲೈವ್ ಸೈಟನ್ನು ಕ್ರೋಮ್‌ನಲ್ಲಿ ತೆರೆದು ಎಫ್ 12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ಪುಟವನ್ನು ರಿಫ್ರೆಶ್ ಮಾಡಿ. ಬರದೇ ಇರುವ ಫೋಟೋಗಳ ಸಾಲು ಕೆಂಪಾಗಿ ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಪೂರ್ತಿ ವಿಳಾಸ ನೋಡಿ. ಅದೇ ಫೈಲಿನ ಹೆಸರು ನಿಮ್ಮ ಫೋಲ್ಡರ್‌ನಲ್ಲಿ ಹೇಗಿದೆ ಅಂತ ಅಕ್ಷರ ಅಕ್ಷರ ಹೋಲಿಸಿ. ಬಹುಪಾಲು ನಿಮಗೆ ಸಿಗುವುದು ಇಷ್ಟು: ಕ್ಯಾಮೆರಾದಿಂದ ಬಂದ ಫೈಲಿನ ಕೊನೆಯಲ್ಲಿ ‘ಜೆಪಿಜಿ’ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿದೆ, ಕೋಡ್‌ನಲ್ಲಿ ನೀವು ಚಿಕ್ಕ ಅಕ್ಷರದಲ್ಲಿ ಬರೆದಿದ್ದೀರಿ. ವಿಂಡೋಸ್‌ಗೆ ಎರಡೂ ಒಂದೇ. ಮ್ಯಾಕ್‌ನಲ್ಲೂ ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲು, ಅಷ್ಟೇ. ಎಲ್ಲ ಫೋಟೋ ಹೋಗದೆ ಕೆಲವು ಮಾತ್ರ ಹೋಗಿರುವುದೇ ಇದರ ದೊಡ್ಡ ಸುಳಿವು. ಕೆಲವನ್ನು ಕ್ಯಾಮೆರಾದಿಂದ ನೇರವಾಗಿ ಹಾಕಿರುತ್ತೀರಿ, ಕೆಲವು ವಾಟ್ಸ್‌ಆಪ್‌ನಲ್ಲಿ ಬಂದಿರುತ್ತವೆ, ಹೆಸರುಗಳು ಒಂದೇ ರೀತಿ ಇರುವುದಿಲ್ಲ.

ಇದನ್ನು ಸರಿ ಮಾಡುವಾಗ ಇನ್ನೊಂದು ತೊಡಕು ಇದೆ. ವಿಂಡೋಸ್‌ನಲ್ಲಿ ಫೈಲಿನ ಹೆಸರನ್ನು ದೊಡ್ಡದರಿಂದ ಚಿಕ್ಕ ಅಕ್ಷರಕ್ಕೆ ಬದಲಾಯಿಸಿದರೆ ಗಿಟ್‌ಗೆ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಅದು ಬದಲಾವಣೆ ಅಂತಲೇ ಅನ್ನಿಸುವುದಿಲ್ಲ. ನೀವು ಕಮಿಟ್ ಮಾಡುತ್ತೀರಿ, ಪುಶ್ ಮಾಡುತ್ತೀರಿ, ಸರ್ವರ್‌ನಲ್ಲಿ ಹಳೇ ಹೆಸರೇ ಉಳಿದಿರುತ್ತದೆ, ತಲೆ ಕೆಡುತ್ತದೆ. ‘ಗಿಟ್ ಎಂವಿ’ ಆಜ್ಞೆ ಬಳಸಿ. ಮೊದಲು ಬೇರೇನೋ ಹೆಸರಿಗೆ, ಆಮೇಲೆ ಬೇಕಾದ ಹೆಸರಿಗೆ, ಹೀಗೆ ಎರಡು ಹೆಜ್ಜೆಯಲ್ಲಿ ಬದಲಾಯಿಸಿದರೆ ಖಂಡಿತ ಕೆಲಸ ಆಗುತ್ತದೆ. ಇನ್ನು ಮುಂದೆ ಎಲ್ಲ ಫೈಲಿಗೂ ಚಿಕ್ಕ ಅಕ್ಷರ, ನಡುವೆ ಜಾಗ ಬಿಡದೆ ಹೈಫನ್ ಅಂತ ನಿಯಮ ಮಾಡಿಕೊಳ್ಳಿ.

ಎರಡನೆಯದು ರಿಫ್ರೆಶ್ ಮಾಡಿದಾಗ ಬರುವ 404. ಇದು ಸುಲಭ. ಮುಖಪುಟದಿಂದ ‘ರೇಷ್ಮೆ ಸೀರೆಗಳು’ ಮೇಲೆ ಒತ್ತಿದಾಗ ಸರ್ವರ್‌ಗೆ ಪುಟ ಕೇಳುವ ಕೋರಿಕೆಯೇ ಹೋಗುವುದಿಲ್ಲ. ಬ್ರೌಸರ್ ಒಳಗೇ ಓಡುವ, ನಿಮ್ಮ ಕೋಡ್‌ನ ಭಾಗವಾದ ರೂಟರ್ ವಿಳಾಸ ಬದಲಾಯಿಸಿ ಪುಟ ತೋರಿಸುತ್ತದೆ. ರಿಫ್ರೆಶ್ ಮಾಡಿದಾಗ ಮಾತ್ರ ಆ ವಿಳಾಸ ನಿಜವಾಗಿ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಆ ಹೆಸರಿನ ಫೈಲೇ ಇಲ್ಲ. ಸರ್ವರ್ ಸರಿಯಾಗೇ ಹೇಳುತ್ತಿದೆ. ಸಿಗದ ವಿಳಾಸಗಳಿಗೆಲ್ಲ ಇಂಡೆಕ್ಸ್ ಎಚ್‌ಟಿಎಂಎಲ್ (ಮುಖಪುಟದ ಫೈಲ್) ಕೊಡು ಅಂತ ಅದಕ್ಕೆ ತಿಳಿಸಬೇಕು: ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಆದರೆ ‘ಟ್ರೈ ಫೈಲ್ಸ್’ ಸಾಲು, ಅಪಾಚೆ ಆದರೆ ಎಚ್‌ಟಿಆಕ್ಸೆಸ್ ಫೈಲ್, ರೆಡಿಮೇಡ್ ಹೋಸ್ಟಿಂಗ್ ಆದರೆ ಅವರ ರೀರೈಟ್ ಸೆಟ್ಟಿಂಗ್. ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ‘ವೀಟ್ ಪ್ರಿವ್ಯೂ’ ಕೊಟ್ಟು ನೋಡುವುದು ಒಳ್ಳೆಯ ಅಭ್ಯಾಸವೇ, ಆದರೆ ಈ ತೊಂದರೆಯನ್ನು ಅದೂ ಹಿಡಿಯುವುದಿಲ್ಲ. ಅದೂ ಮುಖಪುಟ ಕೊಟ್ಟೇ ಸರಿದೂಗಿಸುತ್ತದೆ.

ಈಗ ಹಳೇ ದರದ ವಿಷಯ. ಜನ ಹೆಚ್ಚು ಒದ್ದಾಡುವುದು ಇಲ್ಲೇ, ಯಾಕೆಂದರೆ ಹಳೆಯದು ಎಲ್ಲಿ ಕೂತಿದೆ ಅಂತ ನೋಡದೆ ಎಲ್ಲರೂ ‘ಕ್ಯಾಶ್ ಕ್ಲಿಯರ್ ಮಾಡಿ ಸರ್’ ಅಂದುಬಿಡುತ್ತಾರೆ. ಮಾಲೀಕರಿಗೆ ಹಾಗೆ ಹೇಳಬಹುದು. ಮಲ್ಲೇಶ್ವರದಲ್ಲೋ ಕೆಂಗೇರಿಯಲ್ಲೋ ಮನೆಯಲ್ಲಿ ಕೂತು ಸೀರೆ ನೋಡುವ ಗಿರಾಕಿಗೆ ಯಾರು ಹೇಳುತ್ತಾರೆ?

ಹಳೆಯದು ನಾಲ್ಕು ಕಡೆ ಕೂತಿರಬಹುದು. ಫೋನಿನ ಬ್ರೌಸರ್‌ನಲ್ಲಿ, ಸೈಟಿನ ಸರ್ವಿಸ್ ವರ್ಕರ್‌ನಲ್ಲಿ (ಬ್ರೌಸರ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಸೈಟಿನ ಸ್ಕ್ರಿಪ್ಟ್), ಮಧ್ಯದ ಸಿಡಿಎನ್‌ನಲ್ಲಿ (ಸೈಟಿನ ಪ್ರತಿಗಳನ್ನು ಹಲವು ಕಡೆ ಇಟ್ಟು ಹಂಚುವ ಸರ್ವರ್ ಜಾಲ), ಇಲ್ಲವೇ ಡೇಟಾಬೇಸ್‌ನಲ್ಲೇ. ಕೊನೆಯದನ್ನು ಮೊದಲು ನೋಡಿ. ದರ ನಿಜವಾಗಿ ಬದಲಾಗಿದೆಯೇ ಅಂತಲೇ ಯಾರೂ ನೋಡಿರುವುದಿಲ್ಲ! ಆಮೇಲೆ ಮಾಲೀಕರ ಫೋನಿನಲ್ಲೇ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಹೊಸ ದರ ಕಂಡರೆ ಹಳೆಯದು ಇರುವುದು ಫೋನಿನೊಳಗೆ. ಅಲ್ಲೂ ಹಳೆಯದೇ ಇದ್ದರೆ ಸಿಡಿಎನ್ ಅಥವಾ ಸರ್ವರ್ ಮೇಲೆ ಅನುಮಾನ ಪಡಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ದರ ತರುವ ಕೋರಿಕೆಗೆ ಬಂದ ಉತ್ತರದ ಹೆಡರ್‌ಗಳನ್ನು (ಜೊತೆಗೆ ಬರುವ ವಿವರಗಳನ್ನು) ತೆರೆದರೆ ‘ಏಜ್’ ಅನ್ನುವ ಸಾಲು ಇರಬಹುದು. ಆ ಉತ್ತರ ಎಷ್ಟು ಸೆಕೆಂಡುಗಳಿಂದ ಮಧ್ಯದ ಕ್ಯಾಶ್‌ನಲ್ಲಿ ಕೂತಿದೆ ಅನ್ನುವ ಲೆಕ್ಕ ಅದು. 86400 ಹತ್ತಿರದ ಸಂಖ್ಯೆ ಕಂಡರೆ ನೀವು ನೋಡುತ್ತಿರುವುದು ನಿನ್ನೆಯ ಉತ್ತರ.

ಸರಿಯಾದ ಏರ್ಪಾಡು ಹೀಗಿರಬೇಕು. ಬಿಲ್ಡ್ ಆದಾಗ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಫೈಲುಗಳ ಹೆಸರಿಗೆ ಒಂದು ಗಜಿಬಿಜಿ ಬಾಲ ಸೇರಿರುತ್ತದೆ, ಒಳಗಿನದು ಬದಲಾದರೆ ಬಾಲವೂ ಬದಲಾಗುತ್ತದೆ. ಅವನ್ನು ಒಂದು ವರ್ಷ, ಅಂದರೆ ಮ್ಯಾಕ್ಸ್-ಏಜ್ 31536000 ಸೆಕೆಂಡು ಕ್ಯಾಶ್‌ನಲ್ಲಿ ಇಟ್ಟುಕೊಂಡರೂ ತೊಂದರೆ ಇಲ್ಲ. ಇಂಡೆಕ್ಸ್ ಎಚ್‌ಟಿಎಂಎಲ್‌ಗೆ ಮಾತ್ರ ‘ನೋ-ಕ್ಯಾಶ್’ ಇರಲಿ. ಅದು ‘ಇಟ್ಟುಕೊಳ್ಳಲೇಬೇಡ’ ಅನ್ನುವ ಆಜ್ಞೆ ಅಲ್ಲ, ‘ಬಳಸುವ ಮುಂಚೆ ನನ್ನನ್ನೊಮ್ಮೆ ಕೇಳು’ ಅನ್ನುವ ಆಜ್ಞೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಅಂತ ಚಿಕ್ಕ ಉತ್ತರ ಕೊಟ್ಟು ಮುಗಿಸುತ್ತದೆ. ದರ ತರುವ ಎಪಿಐಗೂ (ಸರ್ವರ್‌ನಿಂದ ಮಾಹಿತಿ ಕೇಳುವ ದಾರಿ) ಇದೇ ನಿಯಮ.

ಇದನ್ನು ಎರಡನೇ ತೊಂದರೆಯ ಜೊತೆ ಸೇರಿಸಿ ನೋಡಿ. ಗಿರಾಕಿಯ ಫೋನಿನಲ್ಲಿ ಹಳೇ ಇಂಡೆಕ್ಸ್ ಇದೆ ಅಂದುಕೊಳ್ಳಿ. ಅದು ಹಳೇ ಬಾಲದ ಜಾವಾಸ್ಕ್ರಿಪ್ಟ್ ಕೇಳುತ್ತದೆ. ಹೊಸ ಡಿಪ್ಲಾಯ್‌ನಲ್ಲಿ ನೀವು ಅದನ್ನು ಅಳಿಸಿದ್ದೀರಿ. ‘ಸಿಗದಿದ್ದಕ್ಕೆಲ್ಲ ಇಂಡೆಕ್ಸ್ ಕೊಡು’ ಅಂತ ನೀವೇ ಸರ್ವರ್‌ಗೆ ಹೇಳಿದ್ದೀರಲ್ಲ, ಅದು ಜಾವಾಸ್ಕ್ರಿಪ್ಟ್ ಜಾಗದಲ್ಲೂ ಎಚ್‌ಟಿಎಂಎಲ್ ಕೊಡುತ್ತದೆ, ಅದೂ 200 ಅನ್ನುವ ‘ಎಲ್ಲ ಸರಿ’ ಗುರುತಿನೊಂದಿಗೆ. ಪರದೆ ಪೂರ್ತಿ ಬಿಳಿ. ಕನ್ಸೋಲ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಅಂತ ಬಂದು ಪಕ್ಕದಲ್ಲಿ ಎಚ್‌ಟಿಎಂಎಲ್‌ನ ಕೋನದ ಬ್ರಾಕೆಟ್ ಕಾಣಬಹುದು, ಇಲ್ಲವೇ ಮೈಮ್ ಟೈಪ್ (ಫೈಲಿನ ಬಗೆ) ಸರಿಯಿಲ್ಲ ಅನ್ನುವ ದೂರು. ಇದನ್ನು ನೋಡಿ ಜನ ಜಾವಾಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ತಪ್ಪು ಅಲ್ಲಿಲ್ಲ. ಬಿಲ್ಡ್ ಫೈಲುಗಳ ಫೋಲ್ಡರ್‌ಗೆ ಈ ನಿಯಮ ಅನ್ವಯಿಸದಂತೆ ಮಾಡಿ, ಅಲ್ಲಿ ಸಿಗದಿದ್ದರೆ ನೇರವಾಗಿ 404 ಬರಲಿ. ಹಿಂದಿನ ಬಿಲ್ಡ್‌ನ ಫೈಲುಗಳನ್ನೂ ಕೆಲವು ದಿನ ಸರ್ವರ್‌ನಲ್ಲೇ ಇಡಿ.

ಸರ್ವಿಸ್ ವರ್ಕರ್ ಇದ್ದರೆ ಇನ್ನೂ ಹುಷಾರು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಪ್ಲಿಕೇಶನ್ ಟ್ಯಾಬ್‌ಗೆ ಹೋಗಿ ಅನ್‌ರಿಜಿಸ್ಟರ್ ಮಾಡಬಹುದು, ಗಿರಾಕಿಗಳ ಫೋನಿನಲ್ಲಿ ಮಾಡಲಾಗದು. ಸರ್ವರ್‌ನಿಂದ ಆ ಫೈಲ್ ಅಳಿಸಿದರೆ ಸಾಕು ಅಂತ ನಂಬಿಕೊಳ್ಳಬೇಡಿ. ಅದೇ ವಿಳಾಸದಲ್ಲಿ, ಹಳೇ ಕ್ಯಾಶ್ ಅಳಿಸಿ ತನ್ನನ್ನು ತಾನೇ ತೆಗೆದುಹಾಕುವ ಪುಟ್ಟ ಸರ್ವಿಸ್ ವರ್ಕರ್ ಇಡಿ. ನನ್ನ ಕೇಳಿದರೆ ಸೀರೆ ಅಂಗಡಿ ಸೈಟಿಗೆ ಇದು ಬೇಕಾಗಿಯೇ ಇಲ್ಲ.

ನೀವು ಕೇಳದಿದ್ದರೂ ಮುಂದೆ ಎದುರಾಗುವ ಕೆಲವನ್ನು ಹೇಳಿಬಿಡುತ್ತೇನೆ. ಎಪಿಐ ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’ ಉಳಿದಿದ್ದರೆ ಮಾಲೀಕರ ಫೋನು ತನ್ನೊಳಗೇ ಸರ್ವರ್ ಹುಡುಕುತ್ತದೆ. ಅಲ್ಲಿ ಏನಿರುತ್ತದೆ, ಹೇಳಿ? ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಕೋಡ್‌ನ ಹೊರಗಿಡುವ ಸೆಟ್ಟಿಂಗ್) ಇಟ್ಟರೂ, ವೀಟ್‌ನಲ್ಲಿ ಅದರಲ್ಲಿರುವುದು ಬಿಲ್ಡ್ ಆಗುವಾಗಲೇ ಕೋಡ್‌ನೊಳಗೆ ಅಚ್ಚಾಗುತ್ತದೆ. ಹೋಸ್ಟಿಂಗ್ ಪ್ಯಾನಲ್‌ನಲ್ಲಿ ಬದಲಾಯಿಸಿ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ, ಮತ್ತೆ ಬಿಲ್ಡ್ ಮಾಡಬೇಕು. ಅಚ್ಚಾಗುತ್ತದೆ ಅಂದ ಮೇಲೆ ಯಾರು ಬೇಕಾದರೂ ಓದಬಹುದು ಅಂತಲೂ ಅರ್ಥ, ಆದ್ದರಿಂದ ಪೇಮೆಂಟ್‌ನ ಸೀಕ್ರೆಟ್ ಕೀ ಅಲ್ಲಿ ಇಡಲೇಬೇಡಿ.

ಕಾರ್ಸ್ (ಒಂದು ಸೈಟು ಬೇರೆ ವಿಳಾಸದ ಸರ್ವರ್‌ನಿಂದ ಮಾಹಿತಿ ಓದಲು ಬೇಕಾದ ಅನುಮತಿ) ದೋಷ ಅಂತ ಕೆಂಪು ಸಾಲು ಕಂಡ ಕೂಡಲೇ ಕಾರ್ಸ್ ಸೆಟ್ಟಿಂಗ್‌ಗೆ ಕೈ ಹಾಕಬೇಡಿ. ಸರ್ವರ್ 500 ಕೊಟ್ಟು ಬಿದ್ದಾಗ ಎಷ್ಟೋ ಸಲ ಕಾರ್ಸ್ ಹೆಡರ್ ಸೇರಿಸುವ ಕೆಲಸವೂ ತಪ್ಪಿಹೋಗುತ್ತದೆ, ಬ್ರೌಸರ್ ಅದನ್ನು ಕಾರ್ಸ್ ದೋಷ ಅಂತಲೇ ತೋರಿಸುತ್ತದೆ. ಮೊದಲು ಸ್ಟೇಟಸ್ ಸಂಖ್ಯೆ ನೋಡಿ. 502 ಬಂದರೆ ಮುಂದೆ ನಿಂತಿರುವ ಸರ್ವರ್‌ಗೆ ಹಿಂದಿನ ಅಪ್ಲಿಕೇಶನ್‌ನಿಂದ ಸರಿಯಾದ ಉತ್ತರ ಸಿಕ್ಕಿಲ್ಲ, 504 ಬಂದರೆ ಕಾದು ಕಾದು ಕೈಬಿಟ್ಟಿದೆ. ಎರಡರಲ್ಲೂ ನೋಡಬೇಕಾದ್ದು ಹಿಂದಿನ ಅಪ್ಲಿಕೇಶನ್‌ನ ಲಾಗ್.

ಸಮಯದ್ದೂ ಒಂದು ಕಥೆ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಓಡುತ್ತವೆ, ನಾವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ರಾತ್ರಿ 12ರಿಂದ ಬೆಳಗಿನ ಜಾವ 5.30ರ ಒಳಗೆ ಬಂದ ಆರ್ಡರ್ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇದು ಕಾಣುವುದೇ ಇಲ್ಲ, ತಿಂಗಳ ಕೊನೆಯಲ್ಲಿ ಅಂಗಡಿಯ ಅಕೌಂಟೆಂಟ್ ಫೋನ್ ಮಾಡಿದಾಗ ಗೊತ್ತಾಗುತ್ತದೆ.

ಕನ್ನಡದ ಸೈಟ್ ಆದರೆ ಅಕ್ಷರ ಕೆಡುವ ತೊಂದರೆಯೂ ಬರಬಹುದು. ಯುಟಿಎಫ್-8 ಎಂಬ, ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ಅದನ್ನು ಯಾರಾದರೂ ಲ್ಯಾಟಿನ್ ಅಂತ ಓದಿದರೆ ‘ಕಾಂಜೀವರಂ’ ಬದಲು ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ನೋಡಲು ಭಯಂಕರ, ಆದರೆ ಬೈಟ್‌ಗಳು ಸಾಮಾನ್ಯವಾಗಿ ಹಾಗೇ ಉಳಿದಿರುತ್ತವೆ, ಓದುವ ರೀತಿ ಸರಿ ಮಾಡಿದರೆ ಕನ್ನಡ ವಾಪಸ್ ಬರುತ್ತದೆ. ಡೇಟಾಬೇಸ್‌ನೊಳಗೇ ಬರೀ ಪ್ರಶ್ನೆ ಚಿಹ್ನೆಗಳಿದ್ದರೆ ಕಥೆ ಮುಗಿಯಿತು, ಉಳಿಸುವಾಗಲೇ ಅಕ್ಷರ ಕಳೆದುಹೋಗಿದೆ, ಬ್ಯಾಕಪ್ ಹುಡುಕಿ. ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ‘ಯುಟಿಎಫ್8’ ಅನ್ನುವ ಹಳೇ ಆಯ್ಕೆಗೆ ಮಿತಿಯೇ 3 ಬೈಟ್. ಹಾಗಾಗಿ ಕನ್ನಡ ಸರಿಯಾಗಿ ಕೂರುತ್ತದೆ, ಗಿರಾಕಿ ವಿಮರ್ಶೆಯಲ್ಲಿ ಒಂದು ಇಮೋಜಿ ಹಾಕಿದ ದಿನ ಅದು ಮುಗ್ಗರಿಸುತ್ತದೆ. ಹೆಚ್ಚಿನ ಇಮೋಜಿಗಳಿಗೆ 4 ಬೈಟ್ ಬೇಕು. ಮೊದಲೇ ‘ಯುಟಿಎಫ್8ಎಂಬಿ4’ ಆರಿಸಿ.

ಇಷ್ಟೆಲ್ಲ ನೋಡಿಯೂ ಬಗೆಹರಿಯದೆ ಬೇರೆಯವರ ಸಹಾಯ ಕೇಳುವುದಾದರೆ ‘ಸೈಟ್ ಓಪನ್ ಆಗ್ತಿಲ್ಲ’ ಅಂತಷ್ಟೇ ಬರೆಯಬೇಡಿ. ಯಾವ ವಿಳಾಸ, ಯಾವ ಸ್ಟೇಟಸ್ ಸಂಖ್ಯೆ, ಕನ್ಸೋಲ್‌ನ ಮೊದಲ ಕೆಂಪು ಸಾಲು ಯಾವುದು, ಮನೆಯ ವೈಫೈನಲ್ಲೋ ಮೊಬೈಲ್ ಡೇಟಾದಲ್ಲೋ, ಇಷ್ಟು ತಿಳಿಸಿ. ಮೊದಲ ಸಾಲು ಅಂದೆ, ಕೊನೆಯದಲ್ಲ. ಆಮೇಲಿನ ಸಾಲುಗಳು ಹೆಚ್ಚಾಗಿ ಮೊದಲನೆಯದರಿಂದಲೇ ಹುಟ್ಟಿರುತ್ತವೆ. ಪರದೆಯ ಫೋಟೋ ತೆಗೆದು ಕಳಿಸುವ ಬದಲು ಸಾಲನ್ನು ಕಾಪಿ ಮಾಡಿ ಕಳಿಸಿ. ನೆಟ್‌ವರ್ಕ್ ಟ್ಯಾಬ್‌ನಿಂದ ಪೂರ್ತಿ ದಾಖಲೆಯನ್ನು ಫೈಲ್ ಮಾಡಿ ಕೊಡಲೂ ಬರುತ್ತದೆ, ಆದರೆ ಅದರೊಳಗೆ ನಿಮ್ಮ ಲಾಗಿನ್ ಕುಕ್ಕಿ, ಟೋಕನ್ ಎಲ್ಲ ಇರಬಹುದು. ಅದನ್ನು ವಾಟ್ಸ್‌ಆಪ್ ಗುಂಪಿಗೆ ಹಾಕಬೇಡಿ. ನಂಬಿಕೆಯ ಒಬ್ಬರಿಗೆ ಮಾತ್ರ ಕೊಡಿ, ಕೊಟ್ಟ ಮೇಲೆ ಒಮ್ಮೆ ಲಾಗ್ಔಟ್ ಆಗಿ ಪಾಸ್‌ವರ್ಡ್ ಬದಲಾಯಿಸಿ.