ದತ್ತಿ: ಕೊಟ್ಟ ಮೇಲೆ ಕಾಯುವವರು ಯಾರು?

ದತ್ತಿ ಉಪನ್ಯಾಸ, ದತ್ತಿ ಪ್ರಶಸ್ತಿ, ದತ್ತಿ ನಿಧಿ, ಧರ್ಮಾದಾಯ ದತ್ತಿ ಇಲಾಖೆ. ಆಹ್ವಾನ ಪತ್ರಿಕೆಯಲ್ಲೋ ಸರ್ಕಾರಿ ಬೋರ್ಡಿನಲ್ಲೋ ಈ ಪದ ಆಗಾಗ ಕಣ್ಣಿಗೆ ಬೀಳುತ್ತದೆ. ಆದರೆ ಬಾಗಿಲಿಗೆ ಬಂದವರಿಗೆ ಒಂದು ಹಿಡಿ ಅಕ್ಕಿ ಹಾಕಿದರೆ ಅದನ್ನು ಯಾರೂ ದತ್ತಿ ಅನ್ನುವುದಿಲ್ಲ. ಅದು ಭಿಕ್ಷೆ, ಇಲ್ಲವೇ ದಾನ. ದತ್ತಿ ಅನ್ನಬೇಕಾದರೆ ಅದರಲ್ಲಿ ಇನ್ನೇನೋ ಇರಬೇಕು ಅಲ್ವಾ?

ಮೂಲ ಹುಡುಕಿದರೆ ಸಿಗುವುದು ಸಂಸ್ಕೃತದ 'ದಾ' ಎಂಬ ಧಾತು. ಕೊಡು ಎಂದರ್ಥ. ದಾನ, ದಾತ, ದತ್ತು ಮಗು, ಎಲ್ಲವೂ ಅದೇ ಬೇರಿನವು. ದತ್ತಿ ಅಂದರೆ ಕೊಟ್ಟದ್ದು, ಅಷ್ಟೇ. ಈ ಪದಕ್ಕೆ ತೂಕ ಬಂದದ್ದು ಕನ್ನಡ ನಾಡಿನ ಶಾಸನಗಳಲ್ಲಿ ಬಳಕೆಯಾದ ಮೇಲೆ.

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೂ ಒಂದು ಕೊಡುಗೆಯ ದಾಖಲೆಯೇ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಳ್ಳಿಗಳನ್ನು ಕೊಟ್ಟದ್ದು ಅದರಲ್ಲಿದೆ. ಅಲ್ಲಿ ಬಳಸಿರುವುದು 'ಕೊಟ್ಟಾರ್' ಎಂಬ ನಮ್ಮದೇ ಮಾತು. ಅದರ ಜೊತೆಗೇ ಒಂದು ಎಚ್ಚರಿಕೆಯೂ ಇದೆ: ಇದನ್ನು ಕದ್ದವನಿಗೆ ಮಹಾಪಾತಕ. ಕೊಟ್ಟದ್ದನ್ನು ಮುಂದೆ ಯಾರಾದರೂ ಕಿತ್ತುಕೊಂಡಾರು ಎಂಬ ಆತಂಕ ಅಷ್ಟು ಹಿಂದೆಯೇ ಇತ್ತು.

ಮುಂದಿನ ಶತಮಾನಗಳಲ್ಲಿ 'ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಬಿಟ್ಟ ದತ್ತಿ' ಎಂಬ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಡೆಯುವವರ ಕಾಲು ತೊಳೆದು, ನೀರು ಧಾರೆ ಎರೆದು ಕೊಡುತ್ತಿದ್ದರು. ಮದುವೆಯಲ್ಲಿ ಇವತ್ತಿಗೂ ನಡೆಯುವ ಧಾರೆಯೂ ಇದೇ ಕ್ರಮದ್ದು. 'ಬಿಟ್ಟ' ಎಂಬ ಪದವನ್ನು ಗಮನಿಸಿ. ಗದ್ದೆ ಬಿಟ್ಟರು, ತೋಟ ಬಿಟ್ಟರು, ಸುಂಕ ಬಿಟ್ಟರು. ಅದರ ಮೇಲೆ ಕೊಟ್ಟವನಿಗೂ ಇನ್ನು ಹಕ್ಕಿಲ್ಲ.

ಹೀಗೆ ಬಿಟ್ಟ ಭೂಮಿಯ ಫಸಲಿನಿಂದ ದೇವಾಲಯ, ಬಸದಿ, ಮಠಗಳ ಕೆಲಸ ನಡೆಯಬೇಕು. ಭೂಮಿಯನ್ನು ಮಾರುವಂತಿಲ್ಲ. ಕೆಲವು ಕಡೆ ಗದ್ಯಾಣಗಳನ್ನು, ಅಂದರೆ ಚಿನ್ನದ ನಾಣ್ಯಗಳನ್ನು, ಇಟ್ಟು ಬಡ್ಡಿಯಲ್ಲಿ ನಂದಾದೀವಿಗೆಗೆ ಎಣ್ಣೆ ಒದಗಿಸುವ ಏರ್ಪಾಡು ಮಾಡುತ್ತಿದ್ದರು. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟದ್ದು ಬಿತ್ತುವಟ್ಟ. ಹೋರಾಡಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಈ ಎರಡನೆಯ ಹೆಸರನ್ನು ಓದಿದರೆ ಸಾಕು, ಕೊಡುಗೆ ಯಾಕೆ ಅಂತ ಗೊತ್ತಾಗುತ್ತದೆ.

ದತ್ತಿಯಿಂದ ಏನೆಲ್ಲ ನಡೆಯುತ್ತಿತ್ತು ಎಂದು ತಿಳಿಯಲು ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಓದಬೇಕು. ಈಗ ಶಿವಮೊಗ್ಗ ಜಿಲ್ಲೆಯಲ್ಲಿರುವ ಊರು ಅದು. ವೇದ, ವ್ಯಾಕರಣ ಕಲಿಸುವ ಜಾಗ, ದೀನರು, ಕುಂಟರು, ಕುರುಡರು, ಕಿವುಡರಿಗೆ ತಡೆಯಿಲ್ಲದೆ ಅನ್ನ ಸಿಗುವ ಜಾಗ, ಅನಾಥ ರೋಗಿಗಳಿಗೆ ಔಷಧ ಸಿಗುವ ಜಾಗ ಎಂದು ಶಾಸನ ಆ ಮಠವನ್ನು ವರ್ಣಿಸುತ್ತದೆ. ಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಕಡೆ. ಈ ಸಾಲುಗಳು ನನಗೆ ಯಾವ ಯುದ್ಧದ ವರ್ಣನೆಗಿಂತಲೂ ದೊಡ್ಡವು. ಒಂದು ದಿನ ಊಟ ಹಾಕುವುದಕ್ಕೆ ದೊಡ್ಡ ಮನಸ್ಸು ಸಾಕು. ವರ್ಷಗಟ್ಟಲೆ ಹಾಕುವುದಕ್ಕೆ ಭೂಮಿ ಬೇಕು, ಲೆಕ್ಕ ಬೇಕು, ನಿಂತು ನೋಡಿಕೊಳ್ಳುವವರು ಬೇಕು.

ಅದಕ್ಕೇ ಶಾಸನಗಳ ಕೊನೆಗೆ ಶಾಪ ಬರುತ್ತದೆ. 'ಸ್ವದತ್ತಾಂ ಪರದತ್ತಾಂ ವಾ' ಎಂಬ ಶ್ಲೋಕ ಎಷ್ಟೋ ಕಲ್ಲುಗಳ ಮೇಲಿದೆ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಆ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಇನ್ನೊಂದು ಶ್ಲೋಕದ ಪ್ರಕಾರ ದಾನ ಕೊಡುವುದಕ್ಕಿಂತ ಅದನ್ನು ಕಾಪಾಡುವುದೇ ಹೆಚ್ಚು. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅಚ್ಯುತ ಪದ, ಅಂದರೆ ಎಂದೂ ಜಾರದ ನೆಲೆ. ದತ್ತಿಯ ನಿಜವಾದ ಅರ್ಥ ಇಲ್ಲಿದೆ ಎಂದೇ ನನಗೆ ಅನಿಸುತ್ತದೆ.

ಈ ಯೋಚನೆ ಒಂದೇ ಧರ್ಮದ್ದೇನೂ ಅಲ್ಲ. ಅರಬ್ಬಿಯ ವಕ್ಫ್ ಪದಕ್ಕೆ ನಿಲ್ಲಿಸು, ತಡೆಹಿಡಿ ಎಂಬ ಅರ್ಥವಿದೆ. ಆಸ್ತಿಯ ಮಾರಾಟ ನಿಲ್ಲುತ್ತದೆ, ಅದರ ಆದಾಯ ಮಾತ್ರ ಹರಿಯುತ್ತದೆ. ಕೊಡುಗೆಯಾಗಿ ಬಿಟ್ಟ ಭೂಮಿಗೆ ಹೇಳುವ ಇನಾಂ ಎಂಬ ಪದವೂ ಅರಬ್ಬಿಯಿಂದ ಬಂದು ನಮ್ಮ ಹಳ್ಳಿಗಳಲ್ಲಿ ನೆಲೆಸಿತು.

ಕಾಲ ಬದಲಾದಂತೆ ಕಾಯುವ ಕೆಲಸ ಕಾನೂನಿಗೆ ಬಂತು. 1890ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಧರ್ಮಾರ್ಥ ದತ್ತಿಗಳ ಕಾಯ್ದೆ ಬಂತು. ಮೈಸೂರು ಸಂಸ್ಥಾನದಲ್ಲಿ ಇದು ಮುಜರಾಯಿ ಇಲಾಖೆಯ ಹೊಣೆಯಾಗಿತ್ತು. ಈಗಿನ ಧರ್ಮಾದಾಯ ದತ್ತಿ ಇಲಾಖೆಯನ್ನು ಜನ ಇವತ್ತಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. 'ಧರ್ಮಾದಾಯ ದತ್ತಿ' ಎಂಬ ಜೋಡಿ ಪದ ಕರ್ನಾಟಕದ 1997ರ ಅಧಿನಿಯಮದ ಹೆಸರಿನಲ್ಲೇ ಇದೆ.

ನಡುವೆ ದೊಡ್ಡ ತಿರುವೊಂದು ಬಂತು. ಮೈಸೂರಿನಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳನ್ನು ರದ್ದು ಮಾಡುವ ಕಾಯ್ದೆ 1955ರಲ್ಲಿ ಬಂತು. ಉಳುವವರಿಗೆ ನೆಲದ ಹಕ್ಕು ಸಿಗುವ ದಾರಿ ತೆರೆಯಿತು, ಅದು ನ್ಯಾಯವೇ. ದೇವಾಲಯಗಳಿಗೆ ಭೂಮಿಯ ಬದಲು ವರ್ಷಕ್ಕಿಷ್ಟು ಎಂದು ಹಣ ಗೊತ್ತಾಯಿತು. ಅದೇ ತಸ್ತೀಕು. ಆದರೆ ಭತ್ತದ ಬೆಲೆ ಏರಿದರೆ ಗದ್ದೆಯ ಆದಾಯವೂ ಏರುತ್ತದೆ. ಒಮ್ಮೆ ಗೊತ್ತುಮಾಡಿದ ರೂಪಾಯಿ ತಾನಾಗಿ ಏರುವುದಿಲ್ಲ.

ಇದೇ ತೊಂದರೆ ಈಗ ಬ್ಯಾಂಕಿನಲ್ಲಿಟ್ಟ ದತ್ತಿಗಳಿಗೂ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಯಾರೋ ತಂದೆಯ ನೆನಪಿಗೆ, ಮೇಷ್ಟರ ನೆನಪಿಗೆ ಹಣ ಇಟ್ಟಿರುತ್ತಾರೆ. ಬಡ್ಡಿಯಲ್ಲಿ ಉಪನ್ಯಾಸ, ಬಹುಮಾನ, ಪದಕ ನಡೆಯಬೇಕು. ಬಡ್ಡಿ ಇಳಿದು ಖರ್ಚು ಜಾಸ್ತಿಯಾದರೆ ಇಟ್ಟ ಹಣ ಹಾಗೇ ಇದ್ದರೂ ಕೆಲಸ ಸೊರಗುತ್ತದೆ. ಬಡ್ಡಿಯಲ್ಲಿ ಸ್ವಲ್ಪ ಭಾಗವನ್ನು ಪ್ರತಿ ವರ್ಷ ಮೂಲಕ್ಕೇ ಸೇರಿಸುವುದು, ಕುಟುಂಬದವರು ಆಗಾಗ ಮೂಲಧನ ಹೆಚ್ಚಿಸುವುದು, ಚಿಕ್ಕ ದತ್ತಿಗಳನ್ನು ಒಟ್ಟುಗೂಡಿಸುವುದು ಇದಕ್ಕಿರುವ ದಾರಿಗಳು. ಇದನ್ನೆಲ್ಲ ದತ್ತಿ ಇಡುವ ದಿನವೇ ಪತ್ರದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.