ಮನೆಗೆ ಲಿಫ್ಟ್: ಕ್ಯಾಬಿನ್‌ಗಿಂತ ಮೊದಲು ನೆಲದ ಗುಂಡಿ ನೋಡಿ

ಮನೆಗೆ ಲಿಫ್ಟ್ ಹಾಕಿಸುವವರು ಮೊದಲು ಕೇಳುವುದು ಯಾವ ಬ್ರ್ಯಾಂಡ್ ಎಂದು, ಆಮೇಲೆ ಗಾಜೋ ಸ್ಟೀಲೋ ಎಂದು. ಅಷ್ಟು ಹೊತ್ತಿಗೆ ಎರಡನೇ ಮಹಡಿಯ ಮೋಲ್ಡ್ ಬಿದ್ದಿರುತ್ತದೆ. ಆಮೇಲೆ ಯಾವುದು ಚೆನ್ನಾಗಿದೆ ಎಂದು ಕೇಳಿ ಪ್ರಯೋಜನವಿಲ್ಲ, ಉಳಿದ ಜಾಗಕ್ಕೆ ಯಾವುದು ಹಿಡಿಸುತ್ತದೋ ಅದನ್ನೇ ಹಾಕಬೇಕು. ಲಿಫ್ಟ್ ಕಂಪನಿಯವರ ಜೊತೆ ಕೂರಬೇಕಾದದ್ದು ಪಾಯ ತೆಗೆಯುವ ಮೊದಲು.

30×40 ಸೈಟಿನಲ್ಲಿ ಲಿಫ್ಟಿಗೆ ಐದಡಿಗೆ ಐದಡಿ ಬಿಡುವುದೇ ರೂಢಿ. ಪ್ಲಾಸ್ಟರ್ ಆದ ಮೇಲೆ ಅದೂ ಪೂರ್ತಿ ಉಳಿಯುವುದಿಲ್ಲ. ಅಷ್ಟರಲ್ಲಿ ನಾಲ್ಕು ಜನರ, ಅಂದರೆ ಒಬ್ಬರಿಗೆ 68 ಕೆಜಿಯಂತೆ 272 ಕೆಜಿಯ ಲಿಫ್ಟ್ ಕೂರುತ್ತದೆ. ಅಪ್ಪ-ಅಮ್ಮನ ಮಂಡಿನೋವಿಗೆ ಅದು ಸಾಕು. ಮುಂದೆ ವೀಲ್‌ಚೇರ್ ಬಂದರೆ ಸಾಲದು. ಮಾಮೂಲಿ ವೀಲ್‌ಚೇರ್ ಸುಮಾರು 650 ಮಿ.ಮೀ. ಅಗಲ, ಪಾದದ ಹಲಗೆ ಸೇರಿ ಒಂದು ಮೀಟರ್ ದಾಟುವ ಉದ್ದ. 700 ಮಿ.ಮೀ. ಬಾಗಿಲಲ್ಲಿ ಕುರ್ಚಿ ನುಗ್ಗಬಹುದು, ಚಕ್ರ ತಳ್ಳುವ ಕೈಯ ಗೆಣ್ಣು ಮಾತ್ರ ಚೌಕಟ್ಟಿಗೆ ತರಚುತ್ತದೆ. ಜೊತೆಗೊಬ್ಬರು ನಿಲ್ಲಬೇಕೆಂದರೆ ಕ್ಯಾಬಿನ್ 1100×1400 ಮಿ.ಮೀ., ಬಾಗಿಲು 800 ಮಿ.ಮೀ. ಇರಲಿ. ಅದಕ್ಕೆ ಶಾಫ್ಟ್, ಅಂದರೆ ಲಿಫ್ಟ್ ಓಡುವ ಗೋಡೆಯ ಗೂಡು, ಒಳಗಡೆ ಸುಮಾರು ಆರಡಿಗೆ ಆರಡಿ ಬೇಕು. ಆ ಒಂದಡಿಯನ್ನು ವಾರ್ಡ್‌ರೋಬಿನಿಂದ ಕದ್ದರೂ ಪರವಾಗಿಲ್ಲ, ಮನೆಯ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್‌ನಿಂದ ಕದಿಯಬೇಡಿ.

ಬಾಗಿಲೂ ಜಾಗ ತಿನ್ನುತ್ತದೆ. ಎರಡು ಹಲಗೆ ಒಂದೇ ಕಡೆ ಸರಿಯುವ ಟೆಲಿಸ್ಕೋಪಿಕ್ ಬಾಗಿಲಿಗೆ, 800 ಮಿ.ಮೀ. ತೆರವಿದ್ದರೆ, ಸುಮಾರು 1350 ಮಿ.ಮೀ. ಅಗಲ ಸಾಕು. ನಡುವಿನಿಂದ ತೆರೆಯುವ ಬಾಗಿಲಿಗೆ 1800 ಮಿ.ಮೀ. ಬೇಕು. ಹಾಗಾಗಿ ಸಣ್ಣ ಮನೆಗೆ ಟೆಲಿಸ್ಕೋಪಿಕ್ಕೇ ಸರಿ. ಕೊಲ್ಯಾಪ್ಸಿಬಲ್ ಗೇಟ್ ಅಗ್ಗವೇನೋ ಹೌದು, ಆದರೆ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ.

ಇನ್ನು ಯಂತ್ರದ ಮಾತು. ಹಗ್ಗದಲ್ಲಿ ನಡೆಯುವ ಗೇರ್‌ಲೆಸ್ ಟ್ರ್ಯಾಕ್ಷನ್ ಲಿಫ್ಟಿಗೆ ಸಾಮಾನ್ಯವಾಗಿ 1200ರಿಂದ 1500 ಮಿ.ಮೀ. ಆಳದ ಪಿಟ್, ಅಂದರೆ ಶಾಫ್ಟಿನ ತಳದ ಗುಂಡಿ, ಬೇಕು. ಮೇಲಿನ ಮಹಡಿಯ ನೆಲದಿಂದ ಶಾಫ್ಟಿನ ತಾರಸಿಯವರೆಗೆ 3.6ರಿಂದ 4.2 ಮೀಟರ್ ಬೇಕು. ಎಣ್ಣೆಯ ಒತ್ತಡದಲ್ಲಿ ಏರುವ ಹೈಡ್ರಾಲಿಕ್‌ಗೆ 150ರಿಂದ 300 ಮಿ.ಮೀ. ಪಿಟ್, ಮೇಲೆ ಸುಮಾರು 3 ಮೀಟರ್ ಇದ್ದರೆ ನಡೆಯುತ್ತದೆ. ಕಟ್ಟಿ ಮುಗಿಸಿದ ಹಳೇ ಮನೆಗೆ ಅದು ಒಗ್ಗುವುದು ಇದೇ ಕಾರಣಕ್ಕೆ. ಆದರೆ ಅದರ ಎಣ್ಣೆ, ಸೀಲುಗಳನ್ನು ಗಮನಿಸುತ್ತಲೇ ಇರಬೇಕು. ಗಾಳಿಯ ಒತ್ತಡದಲ್ಲಿ ಓಡುವ ಕೊಳವೆ ಲಿಫ್ಟಿಗೆ ಪಿಟ್ಟೇ ಬೇಡ, ನೋಡಲೂ ಚೆಂದ. ಸದ್ದು ಜಾಸ್ತಿ, ಸಣ್ಣ ಮಾದರಿಗಳಲ್ಲಿ ವೀಲ್‌ಚೇರ್ ಹಿಡಿಯುವುದಿಲ್ಲ. ಹೊಸದಾಗಿ ಕಟ್ಟುತ್ತಿರುವ, ನೆಲಮಹಡಿಯ ಮೇಲೆ ಮೂರು ಮಹಡಿಯ ಮನೆಗೆ ನಮ್ಮ ಮತ ಗೇರ್‌ಲೆಸ್ ಟ್ರ್ಯಾಕ್ಷನ್ನಿಗೇ.

ಬೆಂಗಳೂರಿನಲ್ಲಿ ಪಿಟ್ ಕೆಡುವುದು ನೀರಿನಿಂದ. ಸಂಪು ಮತ್ತು ಪಿಟ್ ಒಂದೇ ಗೋಡೆ ಹಂಚಿಕೊಂಡರೆ ಇವತ್ತಲ್ಲ ನಾಳೆ ಸಂಪಿನ ನೀರು ಜಿನುಗಿ ಪಿಟ್‌ಗೆ ಇಳಿಯುತ್ತದೆ. ಲಿಫ್ಟ್ ಕೆಳಗಿನ ಮಿತಿ ದಾಟದಂತೆ ನಿಲ್ಲಿಸುವ ಲಿಮಿಟ್ ಸ್ವಿಚ್, ಬಡಿತ ತಡೆಯುವ ಬಫರ್, ವೇಗ ಮೀರದಂತೆ ಕಾಯುವ ಗವರ್ನರ್‌ನ ಹಗ್ಗವನ್ನು ಬಿಗಿಯಾಗಿಡುವ ತೂಕದ ಚಕ್ರ ಎಲ್ಲ ತುಕ್ಕು ಹಿಡಿಯುತ್ತವೆ. ಹೀಗಾಗಿ ಪಿಟ್ ಸಂಪಿನಿಂದ ದೂರವಿರಲಿ, ತಳವೂ ನಾಲ್ಕು ಗೋಡೆಯೂ ಕಾಂಕ್ರೀಟಿನದೇ ಆಗಿರಲಿ. ಹೊರಮೈಗೆ ವಾಟರ್‌ಪ್ರೂಫಿಂಗ್ ಮಾಡಿಯೇ ಮಣ್ಣು ತುಂಬಿಸಿ. ಒಳಗೆ ಎರಡು ದಿನ ನೀರು ನಿಲ್ಲಿಸಿ, ಗುರುತು ಹಾಕಿ, ಮಟ್ಟ ಇಳಿಯಿತೇ ನೋಡಿ. ಡಾಂಬರು ಹಾಕಿದಷ್ಟೂ ರಸ್ತೆ ಏರುವ ಊರು ನಮ್ಮದು. ಪಾರ್ಕಿಂಗ್ ನೆಲ ಇವತ್ತು ರಸ್ತೆಗಿಂತ ಎತ್ತರವಿದ್ದರೂ ಲಿಫ್ಟಿನ ಬಾಗಿಲ ಮುಂದೆ ಸಣ್ಣ ಇಳಿಜಾರೊಂದು, ಜಾಲರಿ ಮುಚ್ಚಿದ ಚರಂಡಿಯೊಂದು ಬೇಕು.

ಗೋಡೆಯ ವಿಷಯದಲ್ಲಿ ಮೇಸ್ತ್ರಿಗೆ ಎರಡು ಮಾತು ಹೇಳಿ. ಒಂದು, ಹಾಲೋ ಬ್ಲಾಕ್ ಬೇಡ, ಕ್ಯಾಬಿನ್ ಓಡುವ ರೈಲನ್ನು ಹಿಡಿಯುವ ಆಂಕರ್ ಬೋಲ್ಟ್ ಅದರಲ್ಲಿ ನಿಲ್ಲುವುದಿಲ್ಲ. ಸಾಲಿಡ್ ಬ್ಲಾಕ್ ಕಟ್ಟಿ, ಪ್ರತಿ ಮಹಡಿಯ ತಾರಸಿ ಮಟ್ಟದಲ್ಲೂ ನಡುವೆಯೂ ಕಾಂಕ್ರೀಟ್ ಬೆಲ್ಟ್ ಕೊಡಬೇಕು. ಎರಡು, ಮೇಲಿನಿಂದ ತೂಗುಗುಂಡು ಬಿಟ್ಟು ನಾಲ್ಕು ಮೂಲೆಯನ್ನೂ ಮಹಡಿಗೊಮ್ಮೆ ಅಳೆಯಬೇಕು. ಕೆಳಗೆ ಐದಡಿ ಇದ್ದು ಮೇಲೆ ಒಂದಿಂಚು ವಾಲಿದ್ದರೆ ಕ್ಯಾಬಿನ್‌ಗೆ ಸಿಗುವುದು ವಾಲಿದ ಮೇಲೆ ಉಳಿದ ಜಾಗ ಮಾತ್ರ.

ಗ್ರಾನೈಟಿನವರು ಬರುವ ಮೊದಲೇ ಲಿಫ್ಟಿನವರು ಬಂದರೆ ಜಗಳ ಖಚಿತ. ಬಾಗಿಲ ಕೆಳಗಿನ ಸಿಲ್ ಪಟ್ಟಿ ಕೂರಬೇಕಾದದ್ದು ಮುಗಿದ ನೆಲದ ಮಟ್ಟಕ್ಕೆ. ನೆಲ ಎಷ್ಟು ಏರುತ್ತದೆಂದು ಹೇಳದಿದ್ದರೆ ಸಿಲ್ ಹಳ್ಳದಲ್ಲಿ ಕೂರುತ್ತದೆ. ಮುಗಿದ ನೆಲದ ಗುರುತನ್ನು ಪ್ರತಿ ಮಹಡಿಯ ಗೋಡೆಯ ಮೇಲೂ ಗೆರೆ ಎಳೆದು ಕೊಡಿ. ಸಿಲ್ ನೆಲಕ್ಕಿಂತ ನಾಲ್ಕೈದು ಮಿ.ಮೀ. ಎತ್ತರವಿದ್ದರೆ ನೆಲ ಒರೆಸಿದ ನೀರು ಶಾಫ್ಟಿಗೆ ಇಳಿಯುವುದಿಲ್ಲ. ಕಲ್ಲು ಉಜ್ಜುವ ದಿನಗಳಲ್ಲಿ ಸಿಲ್ ಕಾಲುವೆಗೆ ಟೇಪ್ ಹಚ್ಚಿ. ಹೊಸ ಲಿಫ್ಟ್ ಬಾಗಿಲು ಅರ್ಧಕ್ಕೆ ನಿಂತು ವಾಪಸಾಗುತ್ತಿದ್ದರೆ ಕಂಟ್ರೋಲ್ ಬೋರ್ಡ್ ಬದಲಿಸುವ ಮೊದಲು ಆ ಕಾಲುವೆಯ ಕಲ್ಲುಪುಡಿ ತೆಗೆಸಿ ನೋಡಿ.

ವಿದ್ಯುತ್ತಿಗೆ ತ್ರೀ ಫೇಸ್ ಬೇಕೇ ಎಂದು ಮೊದಲೇ ಕೇಳಿ, ಲಿಫ್ಟಿನ ಲೋಡ್ ಸೇರಿಸಿಯೇ ಬೆಸ್ಕಾಂಗೆ ಅರ್ಜಿ ಹಾಕಿ. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ (ಆಟೋಮ್ಯಾಟಿಕ್ ರೆಸ್ಕ್ಯೂ ಡಿವೈಸ್) ಇರಲೇಬೇಕು. ಮನೆಯ ಯುಪಿಎಸ್ ಅದಕ್ಕೆ ಬದಲಿಯಲ್ಲ. ಎಆರ್‌ಡಿಯ ಬ್ಯಾಟರಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕು, ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಅದು ಸೇರಿದೆಯೇ ನೋಡಿ. ಕೊಟೇಶನ್‌ನಲ್ಲಿ ಜಿಎಸ್‌ಟಿ, ಸ್ಕ್ಯಾಫೋಲ್ಡಿಂಗ್, ಬಾಗಿಲ ಸುತ್ತಲಿನ ಗ್ರಾನೈಟ್ ಕೆಲಸ ಯಾರ ಪಾಲು ಎಂಬುದು ಬರಹದಲ್ಲಿರಲಿ. ಕರ್ನಾಟಕದ 2012ರ ಲಿಫ್ಟ್ ಕಾಯ್ದೆಯಂತೆ ಅಳವಡಿಸುವ ಮುನ್ನ ಅನುಮತಿ, ಓಡಿಸುವ ಮುನ್ನ ಲೈಸೆನ್ಸ್ ಬೇಕು. ಎರಡೂ ವಿದ್ಯುತ್ ಪರಿವೀಕ್ಷಣಾಲಯದ್ದು. ಕಾಗದ ಕೈಗೆ ಬರುವವರೆಗೆ ಕೊನೆಯ ಕಂತು ತಡೆಹಿಡಿಯಿರಿ.

ಹಸ್ತಾಂತರದ ದಿನ ಲಿಫ್ಟ್ ಎರಡು ಮಹಡಿಗಳ ನಡುವೆ ಇರುವಾಗ ಮೇನ್ ಸ್ವಿಚ್ ಆಫ್ ಮಾಡಿಸಿ, ಎಆರ್‌ಡಿ ಅದನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯಬೇಕು. ಮಿತಿಗಿಂತ ಹೆಚ್ಚು ತೂಕ ಹಾಕಿಸಿ, ಅದು ಕದಲಬಾರದು. ಮುಚ್ಚುತ್ತಿರುವ ಬಾಗಿಲ ನಡುವೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಕೋಲು ಹಿಡಿಯಿರಿ, ಬಾಗಿಲು ಹಿಂದೆ ಸರಿಯಬೇಕು; ಮಗುವಿನ ಕಾಲು ಇರುವ ಎತ್ತರ ಅದು. ಹೊರಗಿನಿಂದ ಬಾಗಿಲು ತೆರೆಯುವ ತ್ರಿಕೋನದ ಕೀಲಿಯನ್ನು ಕೇಳಿ ಪಡೆಯಿರಿ, ಬಳಸುವ ಮೊದಲು ಮೇನ್ ಆಫ್ ಮಾಡಬೇಕೆಂದು ಮನೆಯ ಇಬ್ಬರು ದೊಡ್ಡವರಿಗೆ ತೋರಿಸಿಕೊಡಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ.