ಬೆಕ್ಕನ್ನು ಒರೆಸಬೇಡಿ, ನಿಮ್ಮ ಮೂಗು ಮುಚ್ಚಿಕೊಳ್ಳಿ

"ಡಾಕ್ಟ್ರೇ, ನಮ್ಮನೆ ನಾಯಿಯಿಂದ ನಮಗೆ ಕೊರೊನಾ ಬರುತ್ತಾ?"

2020ರಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಈಗಲೂ ಎಲ್ಲೋ ಕೇಸು ಜಾಸ್ತಿಯಾಗಿದೆ ಅಂತ ಸುದ್ದಿ ಬಂದರೆ ಸಾಕು, ಅದೇ ಫೋನು, ಅದೇ ಪ್ರಶ್ನೆ. ನಾನು ತಿರುಗಿ ಕೇಳುತ್ತೇನೆ: "ಮನೇಲಿ ಯಾರಿಗೆ ಹುಷಾರಿಲ್ಲ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದು ಕೆಮ್ಮು. "ನನಗೇ ಸಾರ್. ನಿನ್ನೆ ಟೆಸ್ಟ್ ಮಾಡಿಸಿದೆ, ಪಾಸಿಟಿವ್ ಬಂತು."

"ನಾಯಿ ಎಲ್ಲಿದೆ?"

"ಇಲ್ಲೇ, ತೊಡೆ ಮೇಲೆ."

ನಾಯಿ ಆರಾಮಾಗಿದೆ. ಕೆಮ್ಮುತ್ತಿರುವವರು ನೀವು. ಆದರೂ ಅನುಮಾನ ಮಾತ್ರ ನಾಯಿಯ ಮೇಲೆ!

ಸೀದಾ ಹೇಳಿಬಿಡುತ್ತೇನೆ. ಬರುತ್ತದೆ, ಆದರೆ ನಿಮ್ಮಿಂದ ಅದಕ್ಕೆ ಬರುತ್ತದೆ. ವಾಪಸ್ ಬರುವುದು ತೀರಾ ಅಪರೂಪ. ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ಜನ, ಒಂದು ಬೆಕ್ಕು. ಬೆಕ್ಕು ಹೊಸ್ತಿಲು ದಾಟುವುದಿಲ್ಲ. ಕೆಲಸಕ್ಕೆ, ಶಾಲೆಗೆ, ಮದುವೆಗೆ ಹೋಗಿ ಬರುವವರು ನೀವು. ವೈರಸ್ ಆ ಮನೆಯೊಳಗೆ ನಡೆದುಕೊಂಡೇ ಬರುತ್ತದೆ, ಆದರೆ ಎರಡು ಕಾಲಿನಲ್ಲಿ. ನಾಲ್ಕು ಕಾಲಿನದ್ದು ಸುಮ್ನೆ ಕಿಟಕಿ ಹತ್ತಿರ ಕೂತು ಬಿಸಿಲು ಕಾಯಿಸುತ್ತಿರುತ್ತದೆ. ಆಮೇಲೆ ನೀವು ಅದನ್ನು ಎತ್ತಿಕೊಂಡು ಮುಖಕ್ಕೆ ಮುಖ ತಾಗಿಸಿ ಮುದ್ದಾಡುತ್ತೀರಿ.

ಇದು ನನ್ನ ಊಹೆಯಲ್ಲ. 2020ರ ಫೆಬ್ರುವರಿ ಕೊನೆಗೆ ಹಾಂಗ್ ಕಾಂಗ್‌ನಲ್ಲಿ 17 ವರ್ಷದ ಒಂದು ಪೊಮರೇನಿಯನ್ ನಾಯಿಯಲ್ಲಿ ವೈರಸ್ ಸಿಕ್ಕಿತು. ಮನೆಯೊಡತಿಗೆ ಅದಕ್ಕೂ ಮೊದಲೇ ಕೊರೊನಾ ಬಂದಿತ್ತು. ಮಾರ್ಚ್‌ನಲ್ಲಿ ಇನ್ನೊಂದು ಮನೆಯ ಜರ್ಮನ್ ಶೆಫರ್ಡ್‌ನಲ್ಲೂ ಸಿಕ್ಕಿತು. ಎರಡೂ ನಾಯಿಗಳಲ್ಲಿ ಸಿಕ್ಕ ವೈರಸ್ಸಿನ ಜೀನ್ ಓದಿ ನೋಡಿದಾಗ, ಅದು ಆಯಾ ಮನೆಯವರ ಮೈಯಲ್ಲಿದ್ದ ವೈರಸ್ಸಿಗೆ ಅಚ್ಚು ಹಾಕಿದ ಹಾಗೆ ಹೋಲುತ್ತಿತ್ತು. ಇದರ ಬಗ್ಗೆ ಹಾಂಗ್ ಕಾಂಗ್‌ನಲ್ಲಿ ನಡೆದ ಅಧ್ಯಯನದಲ್ಲಿ ಸೋಂಕು ಬಂದ ಮನೆಗಳ ಒಟ್ಟು 15 ನಾಯಿಗಳನ್ನು ಪರೀಕ್ಷೆ ಮಾಡಿದ್ದರು. ವೈರಸ್ ಸಿಕ್ಕಿದ್ದು ಈ ಎರಡರಲ್ಲಿ ಮಾತ್ರ. ಅಂದರೆ ಒಂದೇ ಮನೆಯಲ್ಲಿದ್ದರೂ ನಾಯಿಗೆ ಅಷ್ಟು ಸುಲಭಕ್ಕೆ ಅಂಟುವುದಿಲ್ಲ.

ಬೆಕ್ಕಿನ ಕಥೆ ಬೇರೆ. ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲು ಎಸಿಇ2 ಎಂಬ ಪ್ರೋಟೀನನ್ನು ಬಾಗಿಲ ಚಿಲಕದ ಥರ ಬಳಸುತ್ತದೆ. ಬೆಕ್ಕಿನ ಚಿಲಕ ನಮ್ಮದನ್ನೇ ಬಹಳ ಮಟ್ಟಿಗೆ ಹೋಲುತ್ತದೆ. 2020ರಲ್ಲೇ ಚೀನಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ನೋಡಿದಾಗ ಬೆಕ್ಕಿಗೂ ಫೆರೆಟ್‌ಗೂ (ಮುಂಗುಸಿಯ ಹಾಗೆ ಕಾಣುವ ಪುಟ್ಟ ಸಾಕುಪ್ರಾಣಿ) ಸುಲಭವಾಗಿ ತಗುಲಿತು, ನಾಯಿಗೆ ಅಷ್ಟಕ್ಕಷ್ಟೇ, ಹಂದಿ, ಕೋಳಿ, ಬಾತುಕೋಳಿಗೆ ತಗುಲಲೇ ಇಲ್ಲ. ಬೆಕ್ಕಿನ ದೊಡ್ಡ ನೆಂಟರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ಹುಲಿ, 2021ರ ಮೇನಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳು. ಅವಕ್ಕೇನು ಸಂತೆಗೆ ಹೋಗುವ ಅಭ್ಯಾಸ ಇತ್ತಾ?

ಹಾಸಿಗೆ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರೂ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಕೆನಡಾದಲ್ಲಿ ಕೊರೊನಾ ಬಂದುಹೋದ 77 ಮನೆಗಳ 48 ಬೆಕ್ಕು, 54 ನಾಯಿಗಳ ರಕ್ತ ಪರೀಕ್ಷೆ ಮಾಡಿದರು. ಹಿಂದೆ ಸೋಂಕಾಗಿತ್ತು ಅಂತ ಹೇಳುವ ಆ್ಯಂಟಿಬಾಡಿ ಬೆಕ್ಕುಗಳಲ್ಲಿ 67%, ನಾಯಿಗಳಲ್ಲಿ 43% ಸಿಕ್ಕಿತು. ಒಡೆಯರ ಹಾಸಿಗೆ ಮೇಲೆ ಮಲಗುವ ಬೆಕ್ಕುಗಳಿಗೆ ಸೋಂಕು ತಗುಲುವ ಸಂಭವ ಜಾಸ್ತಿ ಅಂತಲೂ ಕಂಡುಬಂತು. ಇದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ 196 ಮನೆಗಳಲ್ಲಿ ಇದೇ ರೀತಿ ನೋಡಿದಾಗ ಆ್ಯಂಟಿಬಾಡಿ ಸಿಕ್ಕಿದ್ದು ಸುಮಾರು 17% ಪ್ರಾಣಿಗಳಲ್ಲಿ. ಲೆಕ್ಕ ಕಡೆಯಿಂದ ಕಡೆಗೆ ಬದಲಾಗುತ್ತದೆ. ಯಾರಿಂದ ಯಾರಿಗೆ ಅನ್ನುವುದು ಬದಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಜನ ಹೆದರಬಾರದು, ಆದರೆ ಹೆದರುತ್ತಾರೆ. ನನಗೆ ಕಷ್ಟ ಶುರುವಾಗುವುದೇ ಇಲ್ಲಿಂದ. ಕೊರೊನಾದಿಂದಲೇ ನರಳಿದ್ದು ಅಂತ ಖಚಿತವಾಗಿ ಹೇಳಬಹುದಾದ ಬೆಕ್ಕನ್ನು ನಾನು ನನ್ನ ಮೇಜಿನ ಮೇಲೆ ನೋಡಿಲ್ಲ. ಕೊರೊನಾದ ಭಯದಿಂದ ನರಳಿದ ಬೆಕ್ಕುಗಳನ್ನು ನೋಡಿದ್ದೇನೆ.

ಒಂದು ಬೂದು ಬೆಕ್ಕು ನೆನಪಾಗುತ್ತದೆ. ಪಕ್ಕದ ಮನೆಯವರು ಬುಟ್ಟಿಯಲ್ಲಿಟ್ಟು ತಂದಿದ್ದರು. ಜೊಲ್ಲು ಸುರಿದು ಎದೆಯ ಕೂದಲೆಲ್ಲ ಅಂಟಂಟು. ಎರಡು ದಿನದಿಂದ ಊಟ ಮುಟ್ಟಿಲ್ಲ. ಬಾಯಿ ಬಿಡಿಸಿ ನೋಡಿದರೆ ನಾಲಿಗೆಯ ಅಂಚಿನುದ್ದಕ್ಕೂ ಹಸಿ ಹುಣ್ಣು. ಬೆನ್ನಿನ ಹತ್ತಿರ ಮೂಗು ತಂದೆ. ನೆಲ ಒರೆಸುವ ಔಷಧದ ಘಾಟು. ಸಾಕಿದ್ದ ಅಜ್ಜಿಗೆ ಕೊರೊನಾ, ಮನೆಯಲ್ಲಿ ಒಬ್ಬರೇ. ಫೋನ್ ಮಾಡಿದೆ.

"ಅಜ್ಜಿ, ಬೆಕ್ಕಿಗೆ ಏನಾದ್ರೂ ಹಚ್ಚಿದ್ರಾ?"

"ಹಚ್ಚಿಲ್ಲಪ್ಪ, ಒರೆಸಿದೆ ಅಷ್ಟೆ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಪಾಪ, ನನ್ನಿಂದ ಅದಕ್ಕೆ ಬರಬಾರದಲ್ವಾ?"

"ರಾತ್ರಿ ಎಲ್ಲಿ ಮಲಗುತ್ತೆ?"

"ನನ್ನ ದಿಂಬಿನ ಮೇಲೆ. ಅದಕ್ಕೆ ಅದೇ ಅಭ್ಯಾಸ."

ಯಾರಿಂದ ಯಾರಿಗೆ ಅನ್ನುವುದು ಅಜ್ಜಿಗೆ ಸರಿಯಾಗಿಯೇ ಗೊತ್ತಿತ್ತು. ಆದರೂ ಒರೆಸಿದ್ದು ಬೆಕ್ಕನ್ನು. ವೈರಸ್ ಬೆಕ್ಕಿನ ಬೆನ್ನಿನಲ್ಲಿ ಇರಲಿಲ್ಲ. ಅಜ್ಜಿಯ ಉಸಿರಿನಲ್ಲಿತ್ತು, ದಿಂಬಿನ ಮೇಲಿನ ಆ ಅರ್ಧ ಅಡಿ ಜಾಗದಲ್ಲಿತ್ತು. ಪ್ರಾಣಿಯ ಕೂದಲಿನಿಂದ ಮನುಷ್ಯರಿಗೆ ಕೊರೊನಾ ಹರಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಬಾಯಿಗೆ ಹೋಗುತ್ತದೆ. ನೆಲ ಒರೆಸುವ ಎಷ್ಟೋ ದ್ರಾವಣಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಬೆಕ್ಕಿನ ನಾಲಿಗೆ ಸುಡುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಇದೆ. ಬ್ಲೀಚು, ಹೈಡ್ರೋಜನ್ ಪೆರಾಕ್ಸೈಡು, ಫಿನಾಯಿಲ್ ಯಾವುದೂ ಪ್ರಾಣಿಯ ಮೈಗಲ್ಲ. ನಾಯಿಯ ಪಾದಕ್ಕೂ ಅಲ್ಲ. ಹೊರಗೆ ಹೋಗಿ ಬಂದಾಗ ನೀರಲ್ಲಿ ತೊಳೆದು ಒರೆಸಿ, ಸಾಕು. ಮುಖಕ್ಕೆ ಮಾಸ್ಕ್ ಕಟ್ಟುವವರೂ ಇದ್ದಾರೆ. ದಯವಿಟ್ಟು ಬೇಡ, ಉಸಿರುಗಟ್ಟುತ್ತದೆ. ಕಟ್ಟಬೇಕಾದ್ದು ನಿಮ್ಮ ಮುಖಕ್ಕೆ.

ಇನ್ನೊಂದು ಭಯ ಇದಕ್ಕಿಂತ ಕೆಟ್ಟದ್ದು. "ಮುಟ್ಟಿ ನೋಡಿದೆ, ಮೈ ಬಿಸಿ ಇತ್ತು, ಒಂದು ಪ್ಯಾರಾಸಿಟಮಾಲ್ ಕೊಟ್ಟೆ." ನಾಯಿ ಬೆಕ್ಕಿನ ಮೈ ನಮಗಿಂತ ಯಾವಾಗಲೂ ಬಿಸಿ. ಅವುಗಳಿಗೆ 101 ಡಿಗ್ರಿ ಫ್ಯಾರನ್‌ಹೀಟ್ ಜ್ವರವಲ್ಲ, ಮಾಮೂಲು. ಬೆಕ್ಕಿನ ಪಿತ್ತಜನಕಾಂಗಕ್ಕೆ ಪ್ಯಾರಾಸಿಟಮಾಲ್ ಕರಗಿಸುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಔಷಧಿ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಬೇಕಾದರೆ ಈ ಅಂಕಣದ ಉಳಿದದ್ದೆಲ್ಲ ಮರೆತುಬಿಡಿ, ಇದೊಂದು ನೆನಪಿಟ್ಟುಕೊಳ್ಳಿ.

ಲಸಿಕೆ ಪುಸ್ತಕ ಹಿಡಿದುಕೊಂಡು ಬರುವವರೂ ಇದ್ದಾರೆ. "ಇಲ್ನೋಡಿ ಸಾರ್, ಇದರಲ್ಲಿ ಕೊರೊನಾ ಅಂತ ಬರೆದಿದೆ. 2018ರಲ್ಲೇ ಹಾಕಿಸಿದ್ದೀವಿ!" ಅದು ನಾಯಿಗಳಿಗೆ ಭೇದಿ ತರಿಸುವ ಬೇರೆ ಕೊರೊನಾ. ಬೆಕ್ಕಿನ ಜೀವಕ್ಕೇ ಕುತ್ತು ತರುವ ಎಫ್‌ಐಪಿ ಅನ್ನುವ ಕಾಯಿಲೆಗೆ ಕಾರಣವೂ ಇನ್ನೊಂದು ಕೊರೊನಾ. ಮನೆತನ ಒಂದೇ, ಕವಲು ಬೇರೆ. ಇವು ನಿಮಗೆ ಬರುವುದಿಲ್ಲ. ಆ ಚುಚ್ಚುಮದ್ದು ಕೋವಿಡ್ ತಡೆಯುವುದೂ ಇಲ್ಲ.

ಹಾಗಾದರೆ ಪ್ರಾಣಿಯಿಂದ ಮನುಷ್ಯರಿಗೆ ಬರುವುದೇ ಇಲ್ಲವಾ? ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2021ರ ಆಗಸ್ಟ್‌ನಲ್ಲಿ ಥಾಯ್ಲೆಂಡ್‌ನಲ್ಲಿ, ಕೊರೊನಾ ಬಂದಿದ್ದ ತಂದೆ ಮಗನ ಬೆಕ್ಕಿನ ಸ್ವ್ಯಾಬ್ ತೆಗೆಯುವಾಗ ಅದು ಪಶುವೈದ್ಯೆಯ ಮುಖಕ್ಕೇ ಸೀನಿತು. ಆಕೆ ಮಾಸ್ಕ್, ಗ್ಲೌಸ್ ಹಾಕಿದ್ದರು, ಕಣ್ಣಿಗೆ ಏನೂ ಇರಲಿಲ್ಲ. ಕೆಲವು ದಿನಕ್ಕೆ ಅವರಿಗೂ ಬಂತು, ವೈರಸ್ ತಾಳೆಯಾಯಿತು. 2022ರ ಜನವರಿಯಲ್ಲಿ ಹಾಂಗ್ ಕಾಂಗ್‌ನ ಸಾಕುಪ್ರಾಣಿ ಅಂಗಡಿಯೊಂದರ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗಳಿಂದಲೂ ಜನರಿಗೆ ಹರಡಿತು. ಅಲ್ಲಿ ಸುಮಾರು 2,000 ಪುಟ್ಟ ಪ್ರಾಣಿಗಳನ್ನು ಕೊಂದರು. ಆ ಸುದ್ದಿ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಆದರೆ ಥಾಯ್ಲೆಂಡ್‌ನ ಪ್ರಕರಣದಲ್ಲೂ ಬೆಕ್ಕಿಗೆ ಕೊಟ್ಟವರು ಯಾರು ನೋಡಿ.

ನಿಮಗೆ ಪಾಸಿಟಿವ್ ಬಂದರೆ ಮಾಡಬೇಕಾದ್ದು ಕಡಿಮೆ. ಮನೆಯಲ್ಲಿ ಬೇರೆಯವರಿದ್ದರೆ ಅವರು ಪ್ರಾಣಿಯನ್ನು ನೋಡಿಕೊಳ್ಳಲಿ. ಯಾರೂ ಇಲ್ಲವಾ, ಮಾಸ್ಕ್ ಹಾಕಿ, ಕೈ ತೊಳೆದು ಊಟ ಹಾಕಿ. ಮುತ್ತು ಕೊಡುವುದು, ತಟ್ಟೆ ಹಂಚಿಕೊಳ್ಳುವುದು, ದಿಂಬು ಹಂಚಿಕೊಳ್ಳುವುದು ವಾಸಿಯಾಗುವವರೆಗೆ ಬಂದ್. ಪ್ರಾಣಿಗೆ ಸೋಂಕಾದರೂ ಬಹಳಷ್ಟು ಸಲ ಗೊತ್ತೇ ಆಗುವುದಿಲ್ಲ. ಆದರೆ ಸೀನು, ಮೂಗು ಸುರಿಯುವುದು, ಭೇದಿ ಅಥವಾ ಮಂಕಾಗುವುದು ಕೆಲವು ದಿನ ಇರಬಹುದು. ಉಸಿರಾಟಕ್ಕೆ ಕಷ್ಟಪಟ್ಟರೆ, ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಕಾಯಬೇಡಿ. ಮೊದಲು ಫೋನ್ ಮಾಡಿ, ಮನೆಯಲ್ಲಿ ಕೊರೊನಾ ಇದೆ ಅಂತ ಬಾಯಿಬಿಟ್ಟು ಹೇಳಿ, ಆರೋಗ್ಯವಾಗಿರುವವರ ಕೈಯಲ್ಲಿ ಕಳಿಸಿ. ನಿಮಗಾಗಿ ತಂದ ಟೆಸ್ಟ್ ಕಿಟ್ಟನ್ನು ಅದರ ಮೂಗಿಗೆ ತುರುಕಬೇಡಿ. ಅದು ಪ್ರಾಣಿಗಳಿಗಾಗಿ ಮಾಡಿದ್ದಲ್ಲ.

ಆ ಬೂದು ಬೆಕ್ಕಿಗೆ ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ನೋವಿಗೆ ಔಷಧಿ ಕೊಟ್ಟು, ಮೆತ್ತಗಿನ ಊಟ ಹಾಕಿದೆವು. ನಾಲ್ಕನೇ ದಿನ ತಾನಾಗೇ ತಿಂದಿತು. ಅಜ್ಜಿ ವಾಸಿಯಾಗುವವರೆಗೆ ಪಕ್ಕದ ಮನೆಯಲ್ಲೇ ಇರಲಿ ಅಂದೆ. ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲವಂತೆ, ರಾತ್ರಿ ಫೋನ್ ಮಾಡಿ ಬೆಕ್ಕನ್ನು ಕರೆಯುತ್ತಿದ್ದರಂತೆ. ಪಕ್ಕದ ಮನೆಯವರು ಫೋನನ್ನು ಸ್ಪೀಕರಿಗೆ ಹಾಕಿ ಅದರ ಮುಂದಿಟ್ಟರೆ, ಅದು ಕಿವಿ ತಿರುಗಿಸಿ ಕೇಳಿ, ಹತ್ತಿರ ಬಂದು ಫೋನನ್ನೇ ನೆಕ್ಕುತ್ತಿತ್ತಂತೆ. ಅವರು ಇದನ್ನು ಖುಷಿಯಿಂದ ಹೇಳುತ್ತಿದ್ದರೆ, ನಾನು ಮಾತು ತಡೆದು ಕೇಳಬೇಕಾಯಿತು: "ಫೋನಿಗೆ ಸ್ಯಾನಿಟೈಸರ್ ಹಚ್ಚಿ ಒರೆಸಿಲ್ಲ ತಾನೆ?"